ಸಿಲೋನಿನಲ್ಲಿ ಮಿರಗ ಮಳೆ

ಸಿಲೋನಿಗೆ ಹೋಗಬೇಕೆಂದು ನಾನು ಒಂದು ಇಡೀ ಮಳೆಗಾಲ ತಯಾರಿ ಮಾಡಿದೆ. ಈಗ ಯಾರಾದರೂ ಆ ಮಾತು ತೆಗೆದರೆ ನಗುತ್ತೇನೆ. ಆಗ ನನಗೆ ಹದಿನೇಳು. ನಗುವ ಬುದ್ಧಿ ಬಂದಿರಲಿಲ್ಲ, ಅಕ್ಷರವಂತೂ ಮೊದಲೇ ಬರುತ್ತಿರಲಿಲ್ಲ.

ಮದುವೆಯಾದ ಹದಿನೈದೇ ದಿನಕ್ಕೆ ನನ್ನ ಗಂಡ ಕೊಲಂಬೋದ ಒಂದು ನೂಲಿನ ಗಿರಣಿಗೆ ಕೆಲಸಕ್ಕೆ ಹೋದ. ಮನೆ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದಿದ್ದ. ನಾನು ಕೊಣ್ಣೂರಿನ ತವರಲ್ಲೇ ಉಳಿದೆ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು, ನನ್ನನ್ನು ಸಾಕಿದವಳು ಅಕ್ಕ. ಅವಳು ಗೋಕಾಕದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ನಾಲ್ಕನೆಯ ಇಯತ್ತೆ ಓದಿದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದಿದ್ದಳು. ನನ್ನ ತಲೆಗೆ ಎಣ್ಣೆ ಹಚ್ಚುವುದರಿಂದ ಹಿಡಿದು ಮದುವೆಯ ಸೀರೆ ಆರಿಸುವತನಕ ಎಲ್ಲವೂ ಅವಳದೇ. ನನ್ನ ಗಂಡನ ಕಾಗದ ಓದುವುದೂ ಅವಳದೇ ಆಯಿತು.

ಯುಗಾದಿ ಮುಗಿದ ಮೇಲೆ ಮೊದಲ ಕಾಗದ ಬಂತು. ಅಕ್ಕ ಅದನ್ನು ಬಾಗಿಲಲ್ಲಿ ನಿಂತು ತನ್ನಷ್ಟಕ್ಕೆ ಓದಿಕೊಂಡಳು. ಒಳಗೆ ಹೋಗಿ ನೀರು ಕುಡಿದು ಬಂದು ಆಮೇಲೆ ನನಗೆ ಹೇಳಿದಳು. ಅರಾಮ ಇದ್ದಾನೆ, ಮನೆ ಹುಡುಕುತ್ತಿದ್ದಾನೆ, ಸ್ವಲ್ಪ ತಡೆಯಬೇಕಂತೆ. ತಡೆದೆ.

ಎರಡನೆಯದು ಮುಂಗಾರು ಹಿಡಿಯುವ ಮಿರಗ ಮಳೆಯ ಹೊತ್ತಿಗೆ. ಸಂತೆಯಿಂದ ಬರುವಾಗ ಟಪಾಲಿನವನು ದಾರಿಯಲ್ಲೇ ಕೊಟ್ಟನೆಂದು ಅಕ್ಕ ಸೆರಗಿನಿಂದ ತೆಗೆದಳು. ಇಲ್ಲಿ ಮಿರಗ ಹಿಡಿದು ಹೊಡೆಯುತ್ತಿದೆ, ಎರೆಮಣ್ಣು ಕಾಲಿಗೆ ಮೆತ್ತಿ ಗಿರಣಿಗೆ ಹೋಗುವುದೇ ಕಷ್ಟ, ಈ ಮಳೆಯಲ್ಲಿ ಹೆಣ್ಣುಮಗಳು ಬರುವುದು ಬೇಡ, ಹಸ್ತ ಮಳೆ ಮುಗಿಯಲಿ ಎಂದು ಬರೆದಿದ್ದನಂತೆ. ಕೊನೆಗೆ ಒಂದು ಮಾತಿತ್ತು. ಮಳೆಯ ದಿನ ಒಬ್ಬನೇ ಉಣ್ಣಲು ಕೂತರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದು. ಹದಿನೈದು ದಿನದ ಸಂಸಾರದಲ್ಲಿ ಆತ ನನ್ನೊಡನೆ ಆಡಿದ್ದು ಇಪ್ಪತ್ತು ಮಾತಿರಬಹುದು, ಅದರಲ್ಲಿ ಅರ್ಧ ‘ನೀರು ಕೊಡು’ ಎಂಬುದು. ಅಂಥವನು ಹೀಗೆ ಬರೆದನಲ್ಲ ಎಂದು ರೊಟ್ಟಿ ಬಡಿಯುತ್ತ ಬಡಿಯುತ್ತ ಅತ್ತುಬಿಟ್ಟೆ. ಖರೆ ಹೇಳುತ್ತೇನೆ, ನನಗೆ ಗಂಡನ ಮೇಲೆ ಜೀವ ಬಂದದ್ದು ಅವತ್ತೇ.

ಹಸ್ತದವರೆಗೆ ಯಾರು ಕಾಯುತ್ತಾರೆ? ನಾನು ಮೊದಲೇ ಹಟಮಾರಿ. ಮಳೆಯಲ್ಲೇ ಬರುತ್ತೇನೆ, ಕರಗಿಹೋಗಲು ನಾನೇನು ಉಪ್ಪೇ ಬೆಲ್ಲವೇ ಎಂದು ಅಕ್ಕನ ಕೈಯಿಂದ ಉತ್ತರ ಬರೆಸಿದೆ. ಅವಳು ತಲೆಯೆತ್ತದೆ ಬರೆದಳು. ಹುಕ್ಕೇರಿಯ ಸೋದರಮಾವನನ್ನು ಕಾಡಿ ಬೇಡಿ ಒಪ್ಪಿಸಿದೆ. ಧನುಷ್ಕೋಡಿಯವರೆಗೆ ರೈಲು, ಮುಂದೆ ಹಡಗು, ನನ್ನನ್ನು ಮುಟ್ಟಿಸಿ ಬರುವುದು ಅವನ ಪಾಲಿಗೆ. ಕಟಕ ರೊಟ್ಟಿ ಬಡಿದೆ, ಬಿಸಿಲಿಲ್ಲದ್ದಕ್ಕೆ ಒಲೆಯ ಕಾವಿನಲ್ಲೇ ಒಣಗಿಸಿದೆ. ಅಗಸಿ, ಗುರೆಳ್ಳು, ಶೇಂಗಾ, ಮೂರು ತರದ ಚಟ್ನಿ ಕುಟ್ಟಿದೆ. ಅಕ್ಕ ಪಕ್ಕದಲ್ಲಿ ಕೂತು ಶೇಂಗಾ ಹುರಿದುಕೊಟ್ಟಳು. ಖಾರ ಕಡಿಮೆಯಾಯಿತು, ಇನ್ನೊಂದು ಹಿಡಿ ಹಾಕು ಎಂದಳು. ಅದೊಂದು ನೆನಪಾದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಮೂರನೆಯ ಕಾಗದ ಪುಷ್ಯ ಮಳೆಗೆ ಬಂತು, ನಾಲ್ಕನೆಯದು ಮಘೆಗೆ. ಅದರಲ್ಲಿ ಗಂಡ ಸೋತಿದ್ದ. ಅಷ್ಟು ಹಟವಿದ್ದರೆ ಬಾ, ಆದರೆ ಒಳ್ಳೆಯ ಕಂಬಳಿಯಿಲ್ಲದೆ ಹೊರಡಬೇಡ, ಗಿರಣಿಯ ಹಿಂದಿನ ಹೊಲದ ಜೋಳ ಎದೆಯೆತ್ತರ ನಿಂತಿದೆ, ಮಳೆ ಬಿಡುವ ಲಕ್ಷಣವಿಲ್ಲ ಎಂದು. ಅಕ್ಕ ಓದಿದ್ದನ್ನೆಲ್ಲ ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಓದು ಬಾರದವರಿಗೆ ಇನ್ನೇನಿರುತ್ತದೆ?

ಕಂಬಳಿಗೆ ಸಂತೆಗೆ ಹೋದೆ. ಮಸಗುಪ್ಪಿಯಿಂದ ಬರುತ್ತಿದ್ದ ಒಬ್ಬ ಮುದುಕ ತಾನೇ ನೇಯ್ದು, ಹುಣಸೆ ಬೀಜದ ಗಂಜಿ ಕುಡಿಸಿ, ನೀರು ಇಳಿಯದಂಥ ಕಂಬಳಿ ಮಾರುತ್ತಿದ್ದ. ಕೊಲಂಬೋಕ್ಕೆ ಬೇಕು ಎಂದೆ, ಸ್ವಲ್ಪ ಜಂಬದಿಂದಲೇ. ಆತ ಕೈಯಲ್ಲಿದ್ದ ಕಂಬಳಿಯನ್ನು ಮಡಚಿ ಮತ್ತೆ ಕೆಳಗಿಟ್ಟ. ಹರೆಯದಲ್ಲಿ ಎರಡು ವರ್ಷ ಅಲ್ಲಿಯ ಬಂದರಿನಲ್ಲಿ ಚೀಲ ಹೊತ್ತವನಂತೆ. ಅಲ್ಲಿ ಬೆವರಿಗೇ ಮೈ ನೆನೆಯುತ್ತದೆ, ಕಂಬಳಿ ಹೊತ್ತರೆ ಬೆಂದುಹೋಗುತ್ತೀಯ ಎಂದ. ನನಗೆ ಸಿಟ್ಟು ಬಂತು. ನನ್ನ ಗಂಡ ಬರೆದದ್ದು ಸುಳ್ಳೇ ಎಂದು ಎರೆಮಣ್ಣು, ಮಿರಗ, ಮಘೆ, ಎದೆಯೆತ್ತರದ ಜೋಳ, ಎಲ್ಲವನ್ನೂ ಗಡಗಡ ಒಪ್ಪಿಸಿದೆ. ಮುದುಕ ಮೊದಲು ನಕ್ಕ. ನನ್ನ ಮುಖ ನೋಡಿ ನಗುವುದನ್ನು ಬಿಟ್ಟ.

“ಅಲ್ಲಿ ಜ್ವಾಳಾನ ಇಲ್ಲ ತಂಗಿ. ಎರಡು ವರ್ಷ ನಾ ರೊಟ್ಟಿ ಮುಖಾ ಕಂಡಿಲ್ಲ. ಮಳಿ ನಮ್ಮ ಮಿರಗಕ್ಕಿಂತ ಮೊದಲ ಹಿಡಿತೈತಿ, ದೀವಳಿಗಿಗೆ ಇನ್ನೊಮ್ಮೆ ಹಿಡಿತೈತಿ. ಇದನ್ನ ಕೊಲಂಬೋ ಕಂಡವರು ಬರದಿಲ್ಲ.”

ಮನೆಗೆ ನಡೆಯುತ್ತ ನಡೆಯುತ್ತ ಒಂದೊಂದೇ ಮಾತು ಬಿಡಿಸಿಕೊಂಡೆ. ಗೋಕಾಕ ಬಿಟ್ಟು ಆಚೆ ಕಾಲಿಡದವಳಿಗೆ ಬೇರೆ ದೇಶದ ಮಳೆ ಎಲ್ಲಿಂದ ಗೊತ್ತಾಗಬೇಕು? ಮಳೆಯೆಂದರೆ ಮಿರಗ, ಮಣ್ಣೆಂದರೆ ಎರೆ, ಬೆಳೆಯೆಂದರೆ ಜೋಳ. ನಮ್ಮ ಹೊಲವನ್ನೇ ಎತ್ತಿ ಕೊಲಂಬೋದಲ್ಲಿ ಇಟ್ಟಿದ್ದಳು ಅಕ್ಕ.

ಅವಳು ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಸಿಲೋನಿನಲ್ಲಿ ಜೋಳ ಬೆಳೆಯುವುದಿಲ್ಲವಂತೆ ಎಂದೆ. ಮೊರದ ಮೇಲಿನ ಕೈ ನಿಂತಿತು. ಏನೂ ಕೇಳದೆ ಎದ್ದು ಒಳಗೆ ಹೋಗಿ ಟ್ರಂಕು ತೆರೆದಳು. ಅವಳ ಮದುವೆಯ ಸೀರೆಯ ಅಡಿಯಲ್ಲಿ ಒಂದೇ ಒಂದು ಕಾಗದ ಇತ್ತು. ಅದರ ಜೊತೆಗೆ ನಾನು ಹೇಳಿ ಬರೆಸಿದ ಉತ್ತರಗಳು, ಮೂರೂ ಹಾಗೇ. ಒಂದೇ ಕಾಗದವನ್ನು ನಾಲ್ಕು ಸಲ ಓದಿದ್ದಳು, ನಾಲ್ಕು ಸಲವೂ ಬೇರೆ ಬೇರೆಯಾಗಿ. ಅಕ್ಷರ ಅರಿಯದ ನಾನು ಎದುರಿಗೇ ಕೂತು ಕೇಳಿದ್ದೆ.

ಓದು ಎಂದೆ. ಓದಿದಳು. ನಾನು ಇಲ್ಲಿ ಇನ್ನೊಬ್ಬಳೊಡನೆ ಮನೆ ಮಾಡಿದ್ದೇನೆ, ನಿಮ್ಮ ಹುಡುಗಿಯನ್ನು ಕಳಿಸಬೇಡಿರಿ, ಉಡಿಕೆ ಮಾಡಿ ಬೇರೆಯವನಿಗೆ ಕೊಟ್ಟರೆ ನನ್ನ ತಕರಾರಿಲ್ಲ. ನಾಲ್ಕು ಸಾಲು.

“ಹೆಂಗ ಹೇಳಲಿ?” ಎಂದಳು ಅಕ್ಕ. “ನೀ ಬಾಗಿಲದಾಗ ನಕ್ಕೋತ ನಿಂತಿದ್ದಿ. ಇವತ್ತ ಹೇಳೂಣು, ನಾಳೆ ಹೇಳೂಣು ಅಂತ ಮಳಿಗಾಲನ ಬಂತು.”

“ಮತ್ತ ತುತ್ತು ಇಳ್ಯಾಂಗಿಲ್ಲ ಅಂತ ಬರದಿದ್ದು?”

ಅವಳು ಕಾಗದವನ್ನು ಹಳೆಯ ಮಡಿಕೆಗೇ ಮಡಚಿದಳು.

“ಅದು ನಂದು.”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಬೇಕು? ಗಂಡ ಮೋಸ ಮಾಡಿದ, ಹಾಳಾಗಿ ಹೋಗಲಿ, ಅವನು ನನಗೆ ಹದಿನೈದು ದಿನದ ಪರಿಚಯದವನು. ನಾನು ಜೀವ ಇಟ್ಟಿದ್ದ ಗಂಡಸು ಬೇರೆ, ಆತ ಹುಟ್ಟಿದ್ದೇ ಅಕ್ಕನ ಬಾಯಲ್ಲಿ, ಅವತ್ತು ಅವಳ ಬಾಯಲ್ಲೇ ಸತ್ತ. ಅವಳು ನನ್ನ ಕೈ ಹಿಡಿಯಲು ಬಂದಳು. ಕೊಡವಿದೆ.

ಮರುದಿನ ಆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಗೋಕಾಕಕ್ಕೆ ನಡೆದೆ. ಕಚೇರಿಯ ಮುಂದೆ ಅರ್ಜಿ ಬರೆಯುವವರು ಸಾಲಾಗಿ ಕೂತಿರುತ್ತಿದ್ದರು. ಮೊದಲನೆಯವನಿಗೆ ಕೊಟ್ಟು ಓದಿರಿ ಎಂದೆ. ಓದಿದ. ಇನ್ನೊಬ್ಬಳು, ಮನೆ, ಉಡಿಕೆ, ತಕರಾರಿಲ್ಲ. ಈ ಸಲ ಅಕ್ಕ ಒಂದಕ್ಷರವನ್ನೂ ಕೂಡಿಸಿರಲಿಲ್ಲ, ಒಂದಕ್ಷರವನ್ನೂ ಬಿಟ್ಟಿರಲಿಲ್ಲ. ಕಾಗದ ತಿರುಗಿ ಇಸಿದುಕೊಂಡೆ. ಅವನ ಬಾಜೂ ಕೂತಿದ್ದ ಇನ್ನೊಬ್ಬನಿಗೆ ಕೊಟ್ಟೆ, ನೀವೂ ಒಮ್ಮೆ ಓದಿರಿ ಎಂದೆ.