ಅಪ್ಪಾಸಾಬ ಕಾಕಾನ ಅಳತೆ

ಮೀಟರ್ ಮುಟ್ಟುವ ಮೊದಲು ಅಪ್ಪಾಸಾಬ ಕಾಕಾ ಕೈ ಒರೆಸಿಕೊಳ್ಳುವುದನ್ನು ನೋಡಿದರೆ, ಬಸದಿಗೆ ಹೊರಟಿದ್ದಾರೆ ಅನ್ನಬೇಕು. ಅಂಕಲಿಯಲ್ಲಿ ಅವರದು ಪಂಪು, ಸ್ಟಾರ್ಟರು ರಿಪೇರಿಯ ಅಂಗಡಿ. ಅದರ ಮೂಲೆಯಲ್ಲಿ ನನ್ನ ಮೊಬೈಲ್ ರಿಪೇರಿಯ ಮೇಜು. ಒಮ್ಮೆ ನಾನು ರೆಸಿಸ್ಟರಿನ ಎರಡೂ ತುದಿಯ ತಂತಿಗಳನ್ನು ಬೆರಳಲ್ಲಿ ಹಿಡಿದು ಅಳೆದು, ಕೆಟ್ಟಿದೆ ಎಂದೆ.

"ಚಲೋ ಐತೋ. ಅದರ ಜೋಡಿ ನಿನ್ನ ಮೈನೂ ಅಳದಿ ನೋಡು. ಒಂದು ಕೈ ಬಿಡು," ಎಂದು ನಕ್ಕರು.

ಮೋಟಾರಿಗೆ ಮೊದಲ ಒತ್ತು ಕೊಡುವ ಕೆಪಾಸಿಟರ್ ಆದರಂತೂ ಉಳಿದ ಕರೆಂಟು ಇಳಿಸಿ, ವಾಯರು ಬಿಚ್ಚಿ, ಆರಲು ಬಿಟ್ಟು, ಮೂರು ಸಲ ಅಳೆದ ಮೇಲೆಯೇ ಮಾತು. ಗಿರಾಕಿ ಅವಸರ ಮಾಡಿದರೆ, "ಮ್ಯಾಲ ಬರದದ್ದು ಹುಟ್ಟಿದಾಗಿನ ಮಾತ್ರಿ. ಈಗ ಹೆಂಗೈತಿ ಅಂತ ಅದನ್ನಽ ಕೇಳೂಣು, ಕೂಡ್ರಿ," ಅನ್ನುತ್ತಿದ್ದರು. ಕಾಕಾ ಒಂದನ್ನು ಗಟ್ಟಿ ಅಂದರೆ ಅದು ಗಟ್ಟಿಯೇ. ದೂರದ ಮುಗಳಖೋಡದವರೂ ಅದಕ್ಕಾಗಿಯೇ ಬರುತ್ತಿದ್ದರು.

ಆಮೇಲೆ ಅವರ ಕಣ್ಣು ಮಂಜಾಯಿತು. ಐವತ್ತು ಇರಬೇಕಾದ ಕೆಪಾಸಿಟರು ಮೀಟರಿನಲ್ಲಿ ನಾಲ್ಕು ಪಾಯಿಂಟ್ ಏಳು ತೋರಿಸಿದರೆ, ನಡುವಿನ ಚುಕ್ಕಿ ಕಾಣದೆ, "ನಲವತ್ತೇಳು, ನಡೀತೈತಿ," ಎಂದರು. ಹೇಳಲು ನನಗೆ ಬಾಯಿ ಬರಲಿಲ್ಲ. ಅವರದು ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ. ಅವರು ಮನೆಗೆ ಹೋದ ಕೂಡಲೇ ನಾನು ಎಲ್ಲವನ್ನೂ ಮತ್ತೆ ಅಳೆದು, ಸತ್ತದ್ದನ್ನು ಬದಲಿಸಿಡುತ್ತಿದ್ದೆ. ಎರಡು ತಿಂಗಳು ಹೀಗೇ ನಡೆಯಿತು. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ನಾನು ಅಥಣಿಗೆ ಮದುವೆಗೆ ಹೋದ ಒಂದು ದಿನ ಅದು ತಪ್ಪಿತು. ಮರುದಿನ ಉಗಾರ ಬುದ್ರುಕದ ಹೆಣ್ಣುಮಗಳೊಬ್ಬಳು ಬಂದು, "ಕಾಕಾರ, ನಿನ್ನೆ ನೀವು ಚಲೋ ಐತಿ ಅಂದು ಕೊಟ್ಟದ್ದು ಹಾಕಿದ್ವಿ, ಮೋಟಾರು ಗುಂಯ್ ಅಂದು ಸುಟ್ಟಹೋತ್ರಿ. ಕಬ್ಬಿಗೆ ನೀರಿಲ್ಲ," ಎಂದಳು. ಕಾಕಾ ಅವಳು ತಂದ ಕೆಪಾಸಿಟರನ್ನು ಅಳೆದು, ಮೀಟರನ್ನು ನನ್ನತ್ತ ತಿರುಗಿಸಿದರು. "ಓದು."

ನಡುವಿನ ಚುಕ್ಕಿಯನ್ನೂ ಬಿಡದೆ ಓದಿದೆ. ಹಿಂದಿನದೆಲ್ಲವನ್ನೂ ಹೇಳಿಬಿಟ್ಟೆ.

"ನನ್ನ ಮರ್ಯಾದಿ ಉಳಸಾಕ ಹೋಗಿ ಆಕಿ ಮೋಟಾರ ಸುಟ್ಟಿ. ಮೊದಲನೇ ದಿನಾನ ಹೇಳಬೇಕಿತ್ತಪಾ," ಎಂದರು. ನಂತರ ತಮ್ಮ ಬಾವಿಯ ಮೋಟಾರು ಬಿಚ್ಚಿಸಿ ಅವಳ ಹೊಲಕ್ಕೆ ಕಳಿಸಿದರು.

ಬೈದು ಅಂಗಡಿಯಿಂದ ಎಬ್ಬಿಸುತ್ತಾರೆ ಎಂದುಕೊಂಡಿದ್ದೆ. ಆದರೆ ಮರುದಿನ ನನ್ನ ಕುರ್ಚಿಯನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಅವರು ಅಳೆಯುವುದು, ನಾನು ಓದುವುದು. ಹಾಸಿಗೆ ಹಿಡಿಯುವ ಹಿಂದಿನ ದಿನದವರೆಗೂ ಹಾಗೇ ನಡೆಯಿತು. ಈಗ ಅವರಿಲ್ಲ. ಎಲ್ಲವನ್ನೂ ಮೂರು ಸಲ ಅಳೆಯುವ ಮನುಷ್ಯ, ನಾನು ಓದಿದ್ದನ್ನು ಒಮ್ಮೆಯೂ ಮತ್ತೆ ಓದಿಸಲಿಲ್ಲ. ಬೈದು ಎಬ್ಬಿಸಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ.