ಕೊಲ್ಲಿಗೆ ಹೋದ ಟೀ, ಕ್ಯಾನಿನಲ್ಲಿ ಬಂದ ನೀರು

೨೦೧೮ರ ಬೇಸಿಗೆಯಲ್ಲಿ ನಾನು ಚಿತ್ರದುರ್ಗದ ಹೊರವಲಯದ ಒಂದು ಸಣ್ಣ ಟೀ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಬ್ಲೆಂಡರ್ ಆಗಿದ್ದೆ. ಬೇರೆ ಬೇರೆ ತೋಟಗಳ ಟೀ ರುಚಿ ನೋಡಿ, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂದು ಹೇಳುವವನೇ ಬ್ಲೆಂಡರ್. ಹೊಳಲ್ಕೆರೆಯವನಾದ ನಾನು ಈ ವಿದ್ಯೆ ಕಲಿತದ್ದು ಕೂನೂರಿನಲ್ಲಿ. ಟೀ ಗಿಡ ಕಣ್ಣಿಗೂ ಬೀಳದ ಸೀಮೆಯಲ್ಲಿ ಟೀ ಕಾರ್ಖಾನೆ ಯಾಕಪ್ಪಾ ಎಂದು ನೆಂಟರು ಗೇಲಿ ಮಾಡುತ್ತಿದ್ದರು. ಹೆದ್ದಾರಿ ಬಾಗಿಲಲ್ಲೇ ಇತ್ತು. ನೀಲಗಿರಿಯಿಂದ ಬಂದ ಮಾಲು ಪ್ಯಾಕೆಟ್ಟಾಗಿ ಎತ್ತ ಬೇಕಾದರೂ ಹೋಗಬಹುದಿತ್ತು, ಅಷ್ಟೇ ಕಾರಣ.

ನಮ್ಮ ಮಾಲೀಕರ ಕಣ್ಣು ಕೊಲ್ಲಿ ದೇಶಗಳ ಮೇಲಿತ್ತು. ದೂರದ ಯುರೋಪಿನಲ್ಲಿ ಹೆಸರು ಮಾಡಿದ ತೋಟಗಳಿಗಷ್ಟೇ ಮಣೆ. ಸಮುದ್ರದಾಚೆಯ ನೆರೆಯವರಾದರೋ ಹೊತ್ತುಹೊತ್ತಿಗೂ ಟೀ ಕುಡಿಯುವವರು, ಹಡಗೂ ಬೇಗ ಮುಟ್ಟುತ್ತದೆ ಎನ್ನುತ್ತಿದ್ದರು. ಆ ವರ್ಷ ಅಲ್ಲಿಯ ಒಳನಾಡಿನ ಪಟ್ಟಣವೊಂದರ ವ್ಯಾಪಾರಿ ಮೊದಲ ಆರ್ಡರ್ ಕೊಟ್ಟ. ಜೊತೆಗೆ ತನ್ನೂರಿನ ಬಾವಿಯ ನೀರನ್ನು ಹತ್ತು ಲೀಟರಿನ ಕ್ಯಾನಿನಲ್ಲಿ ಕಳಿಸಿದ. ನಮ್ಮ ವೃತ್ತಿಯಲ್ಲಿ ಇದು ಹೊಸದಲ್ಲ. ಗಡಸು ನೀರಿನಲ್ಲಿ ಟೀ ಬಣ್ಣ ಮಂಕಾಗುತ್ತದೆ, ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಹಾಗಾಗಿ ಕುಡಿಯುವವರ ನೀರಿನಲ್ಲೇ ಕಾಯಿಸಿ ನೋಡಬೇಕೆಂಬುದು ನಿಯಮ.

ನಾನು ನೋಡಲಿಲ್ಲ. ಎಂದಿನಂತೆ ಫಿಲ್ಟರ್ ನೀರಿನಲ್ಲಿ ಎರಡೂವರೆ ಗ್ರಾಂ ಎಲೆ ಹಾಕಿ, ಆರು ನಿಮಿಷ ಬಿಟ್ಟು, ಸೊರ್ರೆಂದು ಹೀರಿ ಉಗುಳಿದೆ. ಬಣ್ಣ ಹೊನ್ನಿನ ಹಾಗಿತ್ತು, ಪರಿಮಳವೂ ಚೆನ್ನಾಗಿತ್ತು. ನನ್ನ ನಾಲಿಗೆಯ ಮೇಲೆ ನನಗೆ ಇಲ್ಲದ ಜಂಬ. ಕ್ಯಾನನ್ನು ಬೀರುವಿನ ಹಿಂದಕ್ಕೆ ಸರಿಸಿ, ಮಾಲು ಸಿದ್ಧ ಎಂದುಬಿಟ್ಟೆ.

ಕಾರ್ಖಾನೆಯವರಿಗೆಲ್ಲ ಟೀ ಕಾಯಿಸುತ್ತಿದ್ದವರು ಕೆಂಚಮ್ಮ. ದಿನಾ ಹಿರೇಗುಂಟನೂರಿನಿಂದ ಬಸ್ಸಿಗೆ ಬರುತ್ತಿದ್ದರು. ಆಗ ನನ್ನ ಕೋಣೆಯಲ್ಲಿ ಸಹಾಯಕರ ಕೆಲಸವೊಂದು ಖಾಲಿ ಇತ್ತು. ಎಲೆ ತೂಗುವುದು, ಬಟ್ಟಲು ಜೋಡಿಸುವುದು, ಬರಬರುತ್ತಾ ರುಚಿ ನೋಡಲು ಕಲಿಯುವುದು. ಅದರ ಮೇಲೆ ಕೆಂಚಮ್ಮನಿಗೆ ಜೀವ. "ನನ್ನೇ ತಗಳ್ರಿ ಸಾರ್, ನೋಡ್ತಾ ನೋಡ್ತಾ ಕಲೀತೀನಿ" ಎಂದು ಎರಡು ಸಲ ಕೇಳಿದ್ದರು. ನೋಡೋಣ ಎಂದು ತಳ್ಳಿಹಾಕುತ್ತಿದ್ದೆ.

ಮಾಲು ಲಾರಿಗೆ ಏರುವ ಮೂರು ದಿನ ಮೊದಲು ಅವರು ಎರಡು ಲೋಟ ಹಿಡಿದು ಬಂದರು. ಫಿಲ್ಟರ್ ಕೆಟ್ಟಿದ್ದರಿಂದ ಕ್ಯಾನಿನಿಂದ ಒಂದು ಚೆಂಬು ನೀರು ತೆಗೆದುಕೊಂಡಿದ್ದರಂತೆ.

"ಸಾರ್, ಇದು ನಮ್ಮೂರ್ ಬೋರ್ ನೀರಿದ್ದಂಗೆ ಐತೆ. ನೀವು ಹೊರಗೆ ಕಳ್ಸೋ ಎಲೆ ಹಾಕಿದ್ರೆ ಮಂಕು ಹೊಡೀತೈತೆ ನೋಡ್ರಿ. ಈ ಇನ್ನೊಂದು ಲೋಟಕ್ಕೆ ಒಂದ್ ಚಿಟಿಕೆ ಡಸ್ಟ್ ಬೆರ್ಸೀನಿ. ಮನೇಲೂ ಹಂಗೇ ಮಾಡ್ತೀವಿ. ಕುಡ್ದ್ ನೋಡ್ರಿ."

ಡಸ್ಟ್ ಎಂದರೆ ಕಡು ಬಣ್ಣ ಬಿಡುವ ಸಣ್ಣ ಪುಡಿ. ನಾನು ಲೋಟ ಮುಟ್ಟಿದ್ದು ಕುಡಿಯುವುದಕ್ಕಲ್ಲ. ಎರಡನ್ನೂ ಸಿಂಕಿಗೆ ಸುರಿದು, "ಟೀ ಕಾಯ್ಸೋರು ಟೀ ಕಾಯ್ಸ್‌ಕೊಂಡಿರ್ಬೇಕು. ಕ್ಯಾನ್ ಮುಟ್ಟಿದ್ರೆ ಸರಿ ಇರಲ್ಲ" ಎಂದೆ. ಅವರು ಖಾಲಿ ಲೋಟ ತೆಗೆದುಕೊಂಡು ಹೋದರು.

ಒಂದೂವರೆ ತಿಂಗಳಿಗೆ ದೂರು ಬಂತು. ಟೀ ಕಂದಿದೆ, ಮೇಲೆ ಪೊರೆ ತೇಲುತ್ತಿದೆ, ಇನ್ನು ನಿಮ್ಮ ಮಾಲು ಬೇಡ. ಮಾಲೀಕರು ದೂರಿನ ಜೊತೆ ಬಂದಿದ್ದ ಫೋಟೋ ಹಿಡಿದು ನನ್ನ ಕೋಣೆಗೇ ಬಂದರು.

"ಅವ್ರು ಕಳ್ಸಿದ್ ನೀರಾಗೆ ನೋಡಿದ್ರೇನ್ರಿ?"

"ಆ ನೀರನ್ನ ಕೆಂಚಮ್ಮ ಅಡುಗೆಮನೆಗೆ ಒಯ್ದು ಖಾಲಿ ಮಾಡಿಬಿಟ್ಟಿದ್ದಳು ಸಾರ್" ಎಂದೆ.

ಕ್ಯಾನು ಬೀರುವಿನ ಹಿಂದೆ ಹೆಚ್ಚುಕಡಿಮೆ ತುಂಬಿಯೇ ಇತ್ತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಆ ಕೋತಿಗಾದರೂ ಹಸಿವಿತ್ತು. ನನಗಿದ್ದದ್ದು ಮರ್ಯಾದೆಯ ಭಯ. ಕೆಂಚಮ್ಮನನ್ನು ಕರೆಸಿ ಕೇಳಿದಾಗ, "ತಗಂಡಿದ್ದು ನಿಜ ಸ್ವಾಮಿ" ಎಂದಷ್ಟೇ ಅಂದರು. ಒಂದೇ ಚೆಂಬು ಎಂದು ಹೇಳಲು ಯಾರೂ ಬಿಡಲಿಲ್ಲ. ನಾಳೆಯಿಂದ ಬರಬೇಡ ಎಂದಾಯಿತು. ನಾನು ತಲೆ ತಗ್ಗಿಸಿ ಕಾಗದ ನೋಡುತ್ತಿದ್ದೆ.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಕ್ಯಾನಿನ ನೀರು ಕಾಯಿಸಿದೆ. ಅವರು ಹೇಳಿದಂತೆಯೇ ಆಯಿತು. ಮೂರು ಪಾಲು ಎಲೆಗೆ ಒಂದು ಪಾಲು ಡಸ್ಟ್ ಬೆರೆಸಿದಾಗ ಬಣ್ಣ ನಿಂತಿತು. ಹೊಸ ಮಾದರಿ ವ್ಯಾಪಾರಿಗೆ ಹಿಡಿಸಿತು, ಮತ್ತೆ ಆರ್ಡರ್ ಬಂತು, ಪಕ್ಕದ ಪಟ್ಟಣಗಳಿಂದಲೂ ಬಂತು. ಮಾಲೀಕರು ಎಲ್ಲರೆದುರು ನನಗೆ ಶಾಲು ಹೊದಿಸಿದರು. ನೆರೆಯ ಮಾರುಕಟ್ಟೆ ಹಿಡಿಯುವುದು ಹೇಗೆಂದು ತರಬೇತಿಗಳಲ್ಲಿ ಭಾಷಣ ಮಾಡಿದೆ. "ಮೊದಲು ಅವರ ನೀರು ನೋಡಿ" ಎಂದಾಗಲೆಲ್ಲ ಚಪ್ಪಾಳೆ ಬೀಳುತ್ತಿತ್ತು. ಕೆಂಚಮ್ಮನನ್ನು ಮರಳಿ ಕರೆಸಲು ನನ್ನ ಒಂದು ಮಾತು ಸಾಕಿತ್ತು. ಆಡಲಿಲ್ಲ. ನೆನೆದರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಕಳೆದ ವರ್ಷ ನಿವೃತ್ತನಾದ ಮೇಲೆ ಹಿರೇಗುಂಟನೂರಿಗೆ ಹೋದೆ. ಕೆಂಚಮ್ಮ ಈರುಳ್ಳಿ ಹೊಲದ ಕೂಲಿ ಮುಗಿಸಿ ಆಗಷ್ಟೇ ಬಂದಿದ್ದರು. "ಕುಂತ್ಕಳ್ರಿ ಸಾರ್" ಎಂದು ಚಾಪೆ ಹಾಸಿದರು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಬೈಯಲಿ ಎಂದು ಕಾಯುತ್ತಿದ್ದೆ. ಅವರು ಕೇಳಿದ್ದೇ ಬೇರೆ:

"ಹಂಗಾರೆ ನಾನ್ ಮಾಡಿದ್ದು ಸರಿ ಇತ್ತಾ ಸಾರ್? ಆ ಚೆಂಬು ನೀರು ತಗಂಡಿದ್ದಕ್ಕೇ ಅಷ್ಟು ಮಾಲು ಕೆಟ್ಟೋತು ಅಂತ ಇಷ್ಟ್ ವರ್ಷ ನನ್ನೇ ನಾನು ಬೈಕಂಡೆ. ಆಮೇಲೆ ಅಂಥಾ ಕೆಲ್ಸ ಕೇಳಾಕೆ ಎಲ್ಲೂ ಹೋಗ್ಲೇ ಇಲ್ಲ."

ಸರಿಯೇ ಇತ್ತು, ತಪ್ಪೆಲ್ಲ ನನ್ನದು ಎಂದೆ. ಕೆಲಸ ಕಸಿದೆ ಎಂದಷ್ಟೇ ತಿಳಿದು ಹೋಗಿದ್ದೆ. ತನಗೆ ಗೊತ್ತಿದ್ದದ್ದನ್ನೇ ಅವರು ನಂಬದಂತೆ ಮಾಡಿಬಿಟ್ಟಿದ್ದೆ. ಮರುದಿನ ಮಾಲೀಕರಿಗೆ ಫೋನಿನಲ್ಲಿ ಎಲ್ಲ ತಿಳಿಸಿದರೆ, "ಆಗಿದ್ದಾತು, ಈಗ್ಯಾಕ್ರೀ ಅದು?" ಎಂದು ನಕ್ಕರು.

ಈಗಲೂ ಭಾಷಣಕ್ಕೆ ಕರೆಯುತ್ತಾರೆ. ಮೊದಲು ಅವರ ನೀರು ನೋಡಿ ಎಂದೇ ಹೇಳುತ್ತೇನೆ. ವೃತ್ತಿ ಕಲಿಸಿದ ಪಾಠ ಅದೇ. ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಇದನ್ನು ನನಗೆ ಕಲಿಸಿದವರು ಹಿರೇಗುಂಟನೂರಿನ ಕೆಂಚಮ್ಮ, ಅವರನ್ನು ಕೆಲಸದಿಂದ ತೆಗೆಸಿದವನು ನಾನು ಎಂದೂ ಹೇಳುತ್ತೇನೆ. ಆಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ.