ಮೇಸ್ತ್ರಿಯ ಬೆರಳು, ಗರಗತ್ತಿ ಎಲೆ

ಹಳೆಯ ಡೈರಿಯೊಂದನ್ನು ಕೊಡವಿದಾಗ ಒಣಗಿದ ಎಲೆ ಮಡಿಲಿಗೆ ಬಿತ್ತು. ಗರಗತ್ತಿ ಎಲೆ. ಸವರಿದರೆ ಬೆಕ್ಕಿನ ನಾಲಿಗೆಯಷ್ಟು ಒರಟು. ಎಲೆಯ ಅಚ್ಚು ಉಳಿದಿದ್ದ ಪುಟದಲ್ಲಿ ಒಂದೇ ಸಾಲು ಬರೆದಿದ್ದೆ: ‘ಇವತ್ತು ಮೇಸ್ತ್ರಿಯ ಜಾಗ ನನಗೆ ಸಿಕ್ಕಿತು.’ ಹೇಗೆ ಸಿಕ್ಕಿತೆಂದು ಬರೆದಿಲ್ಲ. ಬರೆಯದೆ ಬಿಟ್ಟದ್ದನ್ನು ಈಗ ನೆನಪಿನಿಂದ ತೆಗೆಯಬೇಕು. ನನ್ನ ನೆನಪು ನನ್ನ ಪಕ್ಷವನ್ನೇ ವಹಿಸುತ್ತದೆ ಎಂಬ ಅನುಮಾನ ನನಗಿದೆ.

ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ಕಾಲ. ನಂಜನಗೂಡಿನಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ, ಮರದ ಚೂರುಗಳನ್ನು ಕೂಡಿಸಿ ಚಿತ್ರ ಮಾಡುವ ಒಂದು ಶೆಡ್ ಇತ್ತು. ಕೆಲಸ ಕಲಿಯಲು ಸೇರಿಕೊಂಡೆ. ಅಲ್ಲಿ ಬಣ್ಣ ಬಳಿಯುವಂತಿರಲಿಲ್ಲ. ಕಪ್ಪಿಗೆ ಬೀಟೆ, ಹಳದಿಗೆ ಹಲಸು, ಕಂದು ಬೇಕಾದರೆ ತೇಗ. ಹಕ್ಕಿಯಾದರೆ ರೆಕ್ಕೆಯ ಚೂರು ದಪ್ಪ, ಕತ್ತಿನದು ಇಳಿಜಾರು. ಅರದಿಂದ ಅಂಚು ತಿದ್ದಿ, ಒರಟು ಉಪ್ಪುಕಾಗದದಲ್ಲಿ ಉಬ್ಬು ಮೂಡಿಸಿ, ಆಮೇಲೆ ನಯವಾದ ಕಾಗದ ಹಿಡಿದು, ಎಲ್ಲದರ ಕೊನೆಗೆ ತುಸು ತೇವ ಮಾಡಿದ ಗರಗತ್ತಿ ಎಲೆಯಿಂದ ಉಜ್ಜಬೇಕು. ಆ ಕೊನೆಯ ಕೈ ಮೇಸ್ತ್ರಿಯದು. ಕಿಟಕಿ ಪಕ್ಕದ ಮಣೆಯೂ ಅವರದೇ.

ಅವರು ಟಿ. ನರಸೀಪುರದ ಕಡೆಯವರು. ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು. ಅವರು ಕಲಿಸುತ್ತಿದ್ದ ರೀತಿ ಒಂದೇ. ನಾನು ಕಣ್ಣು ಮುಚ್ಚಿ, ಎರಡು ಚೂರು ಸೇರುವ ಸಂದಿನ ಮೇಲೆ ಬೆರಳು ಹಾಯಿಸಿ, ‘ಸಮ’ ಅನ್ನಬೇಕು, ಇಲ್ಲವೇ ‘ತಡೆಯುತ್ತೆ’ ಅನ್ನಬೇಕು. ತಪ್ಪಿದರೆ ನನ್ನ ಬೆರಳ ಗೆಣ್ಣಿನ ಮೇಲೆ ಒರಟು ಕಾಗದದ ಒಂದು ಎಳೆತ.

“ಓದಿದ್ ಕಣ್ಣು ಇಲ್ಲಿ ಕೆಲ್ಸಕ್ ಬರಾಕಿಲ್ಲ ಕಣಮ್ಮಿ. ಮುಚ್ಕೊ. ಬೆರಳಲ್ಲಿ ನೋಡು.”

ಒಮ್ಮೆ ನಾನು ಬೀಟೆಯ ಪುಡಿಯನ್ನು ಕೊಡವದೆ ಉಜ್ಜಿದ್ದರಿಂದ ಕೊಕ್ಕರೆಯ ಹಳದಿ ಕೊಕ್ಕು ಮಸಿಯಾಯಿತು. ಮೇಸ್ತ್ರಿ ಅದನ್ನು ಒಲೆಗೆ ಹಾಕಿ, ಆ ಬೆಂಕಿಯಲ್ಲೇ ಟೀ ಕಾಯಿಸಿ, ನನಗೂ ಒಂದು ಲೋಟ ಕೊಟ್ಟರು. “ಕುಡಿ. ನಿನ್ ಕೊಕ್ರೆ ಬೆಂದದೆ.” ಶೆಡ್ಡಿನವರೆಲ್ಲ ನಕ್ಕರು. ನಾನು ಕುಡಿದೆ.

ಎರಡನೆಯ ವರ್ಷವಿರಬೇಕು, ಅವರ ಬೀಡಿಯ ಕೆಂಡ ಬೆರಳಿನವರೆಗೆ ಬಂದದ್ದನ್ನು ನೋಡಿದೆ. ಚರ್ಮ ಸುಟ್ಟ ವಾಸನೆ ನನಗೆ ಬಂತು. ಅವರು ಮಾತಾಡುತ್ತಲೇ ಇದ್ದರು. ಸಕ್ಕರೆ ಕಾಯಿಲೆ ಅವರ ಬೆರಳ ತುದಿಗಳ ಸ್ಪರ್ಶವನ್ನೇ ತಿಂದುಹಾಕಿತ್ತು. ನಾನು ಯಾರಿಗೂ ಹೇಳಲಿಲ್ಲ. ಕರುಣೆಯೋ, ಸಮಯ ಕಾಯುತ್ತಿದ್ದೆನೋ… ಡೈರಿಯಲ್ಲೂ ಅದು ಇಲ್ಲ.

ಡೈರಿಯಲ್ಲಿ ಆ ಸಾಲು ಬರೆದ ದಿನ ಶೆಡ್ಡಿನ ಯಜಮಾನರು ಬಂದಿದ್ದರು. ಮೇಸ್ತ್ರಿ ನನ್ನನ್ನು ತೋರಿಸಿ, “ಇವ್ಳ ಕೈಗೆ ಬೆರಣಿ ತಟ್ಟೋದೇ ಸರಿ, ಸಾ” ಎಂದರು. ನನ್ನ ಮುಂದೆ ಅರ್ಧ ಮುಗಿದ ನವಿಲಿತ್ತು. ಅದರ ಕತ್ತು ಎದೆಯನ್ನು ಸೇರುವಲ್ಲಿ ಉಗುರಿನ ದಪ್ಪದಷ್ಟು ಮೆಟ್ಟಿಲು ಹಾಗೇ ಉಳಿದಿತ್ತು. ಉಳಿದಿತ್ತು ಎಂದೆ. ಉಳಿಸಿದ್ದೆ.

“ಮೇಸ್ತ್ರಿಗಳೇ, ಕಣ್ಣು ಮುಚ್ಚಿ ಇದನ್ನೊಂದು ನೋಡಿಬಿಡಿ.”

ಅವರು ನನ್ನನ್ನೇ ನೋಡಿದರು. ನನಗೆ ಗೊತ್ತಿದೆಯೆಂದು ಅವರಿಗೆ ಆಗ ಗೊತ್ತಾಯಿತು. ಆದರೂ ಕಣ್ಣು ಮುಚ್ಚಿದರು. ಬೆರಳು ಆ ಮೆಟ್ಟಿಲನ್ನು ಹತ್ತಿ ಇಳಿಯಿತು.

“ಸಮ ಅದೆ.”

ಯಜಮಾನರು ಉಗುರು ಹಾಯಿಸಿದರು. ತಡೆಯಿತು. ಹಿಂದಿನಿಂದ ಯಾರೋ ಕೂಗಿದರು: “ಮೇಸ್ತ್ರಿಗೂ ಒಂದ್ ಸಲ ಕಾಗ್ದ ಎಳೀರ್ಲಾ!” ನನ್ನ ಕೈಯಲ್ಲಿ ಒರಟು ಕಾಗದ ಇದ್ದದ್ದು ನೆನಪಿದೆ. ಎಳೆದೆನೇ? ಒಂದು ನೆನಪಿನಲ್ಲಿ ಕಾಗದವನ್ನು ಕೆಳಗಿಡುತ್ತೇನೆ. ಇನ್ನೊಂದರಲ್ಲಿ ಅವರ ಗೆಣ್ಣಿನ ಮೇಲೆ ಬಿಳಿ ಗೀರುಗಳಿವೆ… ಎಳೆದಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ.

ಕಿಟಕಿಯ ಮಣೆ ನನಗೆ ಬಂತು. ಮೇಸ್ತ್ರಿಗೆ ಎಲೆಯ ಕೆಲಸ ಕೊಟ್ಟರು. ಹದಿನಾರು ಎಂಬ ಊರಿನ ಕಡೆ ಹೋಗಿ ಗರಗತ್ತಿ ಎಲೆ ತರುವುದು, ನೆರಳಲ್ಲಿ ಒಣಗಿಸುವುದು, ಬಲಿತ ಒರಟು ಎಲೆ ಬೇರೆ, ಎಳೆಯ ನಯ ಎಲೆ ಬೇರೆ ಮಾಡಿ ಕಟ್ಟುವುದು. ಅದಕ್ಕೂ ಬೆರಳೇ ಬೇಕು. ಅವರು ಒಂದೊಂದೇ ಎಲೆಯನ್ನು ಕೆಳತುಟಿಗೆ ಸವರಿ ನೋಡತೊಡಗಿದರು.

“ನೋಡ್ರಲಾ, ಎಲೆಗ್ ಮುತ್ ಕೊಡ್ತಾವ್ನೆ!”

“ಮದ್ವೆ ಯಾವಾಗ ಮೇಸ್ತ್ರಿ? ನಮ್ಗೂ ಊಟ ಆಕ್ಸು!”

ನಾನೂ ನಕ್ಕೆ. ಇದು ಖಂಡಿತ ನೆನಪಿದೆ. ಅವರ ತುಟಿ ಒಡೆದು ರಕ್ತ ಒಣಗಿರುತ್ತಿತ್ತು. ಆದರೆ ಅವರು ಕಟ್ಟಿಕೊಟ್ಟ ಕಟ್ಟುಗಳಲ್ಲಿ ಒಂದೇ ಒಂದು ತಪ್ಪು ಎಲೆ ನನಗೆ ಸಿಕ್ಕಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನನ್ನ ಮಣೆಯ ಹತ್ತಿರ ಬಂದು ನಿಂತರು. “ತುಟಿಗೆ ಎಲ್ಲಾ ತಿಳೀತದೆ ಕಣವ್ವ. ಸಂದೂ ತಿಳೀತದೆ. ಯಜಮಾನ್ರಿಗೆ ನೀನೊಂದ್ ಮಾತ್ ಏಳು. ಕಿಟ್ಕಿ ತಾವ ಬ್ಯಾಡ, ಮೂಲೇಲಾದ್ರೂ ಕೂತ್ಕತೀನಿ.” ಅವರ ಬಾಯಲ್ಲಿ ನಾನು ಅಮ್ಮಿ ಹೋಗಿ ಅವ್ವ ಆಗಿದ್ದೆ.

“ಹೇಳ್ತೀನಿ” ಎಂದೆ. ಹೇಳಲಿಲ್ಲ. ಮೂರು ಸಲ ಕೇಳಿದರು. ಮೂರು ಸಲವೂ “ನೋಡೋಣ ಅಂದ್ರು” ಎಂದು ಸುಳ್ಳಾಡಿದೆ. ನಾಲ್ಕನೆಯ ಸಲ ಕೇಳಲಿಲ್ಲ. ಕೊನೆಯ ಕಟ್ಟನ್ನು ನನ್ನ ಮಣೆಯ ಮೇಲಿಟ್ಟು ಹೋದವರು ಮತ್ತೆ ಬರಲಿಲ್ಲ. ಅದರದೊಂದು ಎಲೆ ಡೈರಿಯ ಆ ಪುಟ ಸೇರಿತು. ಆ ಮಣೆಯಲ್ಲಿ ನಾನು ಕೂತದ್ದಾದರೂ ಒಂದೇ ವರ್ಷ. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಬಿಟ್ಟು ಬಂದೆ. ಮೇಸ್ತ್ರಿ ತೀರಿಕೊಂಡ ಸುದ್ದಿ ಸ್ಟಾಫ್ ರೂಮಿನಲ್ಲಿರುವಾಗ ಫೋನಿನಲ್ಲಿ ಬಂತು. ಬೆಲ್ ಆಯಿತು, ಕ್ಲಾಸಿಗೆ ಹೋದೆ.

ಈಗ ಈ ಎಲೆಯನ್ನು ಬೆರಳಿನಲ್ಲಿ ಸವರಿದರೆ ಒರಟು ಎಂದಷ್ಟೇ ತಿಳಿಯುತ್ತದೆ. ಬಾಗಿಲು ಮುಚ್ಚಿ, ಕೆಳತುಟಿಗೆ ಹಿಡಿದು ನೋಡಿದೆ. ಎಳೆಯ ಎಲೆ. ಕೊನೆಯ ಕೈಗೆಂದು ಅವರು ಆರಿಸಿದ್ದು. ನರಗಳ ನಡುವಿನ ಒಂದೊಂದು ಮುಳ್ಳೂ ಬೇರೆ ಬೇರೆಯಾಗಿ ತಿಳಿಯಿತು. ಅವರು ಹೇಳಿದ್ದು ನಿಜ.

ಯಜಮಾನರೂ ತೀರಿಹೋಗಿ ವರ್ಷಗಳಾದವು. ಮೇಸ್ತ್ರಿ ಹೇಳೆಂದಿದ್ದ ಆ ಮಾತನ್ನು ಇನ್ನು ಯಾರಿಗೆ ಹೇಳಲಿ…